ಏರಿನಲ್ಲಿ ಎರಡು ಸೆಕೆಂಡು

ಮಾವಿನ ಸುಗ್ಗಿಯ ಕಾಲದಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಏರುರಸ್ತೆಗಳಲ್ಲಿ ಓಡಾಡುವವರಿಗೆ ಒಂದು ದೃಶ್ಯ ಚಿರಪರಿಚಿತ. ಹಣ್ಣು ಹೇರಿಕೊಂಡ ಗೂಡ್ಸ್ ಟೆಂಪೋ ಒಂದು ಏರಿನ ನಡುವೆ, ಮೇಲಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲೆಂದು ನಿಲ್ಲುತ್ತದೆ. ಜೊತೆಗಿದ್ದ ಹುಡುಗ ಕೆಳಗೆ ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಟೆಂಪೋ ಹೊರಟ ಮೇಲೆ ಅವನು ಓಡಿ ಹತ್ತಿಕೊಳ್ಳುತ್ತಾನೆ. ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಬರುವ ದ್ವಿಚಕ್ರ ಸವಾರನಿಗೆ ಅದು ಕಾಣುವುದು ಚಕ್ರಕ್ಕೆ ತಗುಲಿದಾಗಲೇ. ನಿಯಮದಂತೆ, ಎರಡು ವಾಹನಗಳಿಗೆ ಎಡೆಯಿಲ್ಲದ ಏರುರಸ್ತೆಯಲ್ಲಿ ನಿಂತು ದಾರಿ ಬಿಡಬೇಕಾದದ್ದು ಇಳಿಯುವ ವಾಹನ, ಏರುವುದಲ್ಲ. ಈ ಒಂದು ನಿಯಮವನ್ನು ಪಾಲಿಸಿದ್ದರೆ ಕಲ್ಲಿನ ಅಗತ್ಯವೇ ಬೀಳುತ್ತಿರಲಿಲ್ಲ.

ಹೊಸ ಕಾರುಗಳನ್ನು ಕೊಳ್ಳುವವರಿಗೆ ಈಗ ಈ ಚಿಂತೆ ಇಲ್ಲವೆಂದು ಮಾರಾಟಗಾರರು ಹೇಳುತ್ತಾರೆ. ‘ಹಿಲ್ ಸ್ಟಾರ್ಟ್ ಅಸಿಸ್ಟ್’ ಎಂಬ ಸೌಲಭ್ಯ ದುಬಾರಿಯಲ್ಲದ ಅನೇಕ ಕಾರುಗಳಲ್ಲೂ ಬಂದಿದೆ. ಕಲ್ಪನೆ ಹೊಸದೇನಲ್ಲ. ಅಮೆರಿಕದ ಸ್ಟೂಡಿಬೇಕರ್ ಕಂಪನಿ 1936ರಲ್ಲೇ ತನ್ನ ಕಾರುಗಳಿಗೆ ಇಂಥದೊಂದು ಸಾಧನವನ್ನು ಅಳವಡಿಸಿತ್ತು. ಇಂದಿನದು ಸಂವೇದಕಗಳನ್ನು ಅವಲಂಬಿಸಿದ್ದು. ಕಾರು ಏರಿನಲ್ಲಿ ನಿಂತಿದೆಯೆಂದು ಸಂವೇದಕ ತಿಳಿಸಿದರೆ, ಚಾಲಕ ಬ್ರೇಕಿನಿಂದ ಪಾದ ತೆಗೆದ ಮೇಲೂ ಬ್ರೇಕಿನ ಒತ್ತಡವನ್ನು ಸುಮಾರು ಎರಡು ಸೆಕೆಂಡು ಹಿಡಿದಿಡಲಾಗುತ್ತದೆ. ಪಾದವನ್ನು ಆಕ್ಸಿಲರೇಟರಿಗೆ ಸಾಗಿಸಿ ಕ್ಲಚ್ ಬಿಡುವುದಕ್ಕೆ ಅಷ್ಟು ಸಮಯ ಸಾಕು. ಎಂಜಿನ್ನಿನ ಎಳೆತ ಚಕ್ರಕ್ಕೆ ತಲುಪಿತೆಂದರೆ ಬ್ರೇಕ್ ತಾನಾಗಿ ಸಡಿಲಗೊಳ್ಳುತ್ತದೆ.

ತಲುಪದಿದ್ದರೂ ಸಡಿಲಗೊಳ್ಳುತ್ತದೆ ಎಂಬುದನ್ನು ಮಾತ್ರ ಬಹಳ ಮಂದಿ ಅರಿತಿಲ್ಲ. ಹತ್ತಕ್ಕೆ ಒಂದರ ಏರಿನಲ್ಲಿ ನಿಂತ 1,200 ಕಿಲೋ ತೂಕದ ಕಾರನ್ನು ಸುಮಾರು 120 ಕಿಲೋ ಭಾರದಷ್ಟು ಬಲ ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ತಡೆಯಿಲ್ಲದೆ ಬಿಟ್ಟರೆ ಆ ಕಾರು ಮೊದಲ ಸೆಕೆಂಡಿನಲ್ಲಿ ಅರ್ಧ ಮೀಟರಿನಷ್ಟು ಜಾರೀತು. ಎರಡು ಸೆಕೆಂಡಿಗೆ ಹತ್ತಿರಹತ್ತಿರ ಎರಡು ಮೀಟರು, ಮೂರಕ್ಕೆ ನಾಲ್ಕು ಮೀಟರಿಗೂ ಮೀರಿ. ಹಿಂದೆ ನಿಂತ ಬೈಕಿಗೂ ಅದರ ಮೇಲಿನ ಮಗುವಿಗೂ ಇರುವ ಅಂತರ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹೀಗಿರುವಾಗ ಯಂತ್ರ ಹಿಡಿದಿದೆಯೆಂದು ನಂಬಿ ಫೋನಿನಲ್ಲಿ ಮಾತಾಡುತ್ತ ಕೂರುವುದು, ಅಥವಾ ಹ್ಯಾಂಡ್ ಬ್ರೇಕ್ ಎಳೆಯದೆ ಕಾರಿನಿಂದ ಇಳಿಯುವುದು ಘೋರ ಪ್ರಮಾದ. ಮಳೆಗೆ ನೆನೆದ ಕೆಮ್ಮಣ್ಣಿನ ದಾರಿಯಲ್ಲಿ ಬ್ರೇಕ್ ಹಿಡಿದಿದ್ದರೂ ಟೈರೇ ಜಾರುತ್ತದೆ. ಅಲ್ಲಿ ಯಾವ ಸಂವೇದಕವೂ ನೆರವಿಗೆ ಬಾರದು.

ಆದುದರಿಂದ ಹಳೆಯ ವಿದ್ಯೆಯನ್ನು ಕೈಬಿಡುವಂತಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಬರಬೇಕು. ಎಂಜಿನ್ನಿನ ಸದ್ದು ತಗ್ಗಿ, ವಾಹನದ ಮೂತಿ ಸ್ವಲ್ಪ ಮೇಲೆದ್ದಂತಾದಾಗ ಹ್ಯಾಂಡ್ ಬ್ರೇಕನ್ನು ಇಳಿಸಬೇಕು. ಒಂದು ಅಂಗುಲವೂ ಹಿಂದೆ ಸರಿಯದೆ ವಾಹನ ಏರುತ್ತದೆ. ಇದು ಬರಿಯ ಜಾಣ್ಮೆಯ ಮಾತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ, ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದು ಚಾಲನಾ ಪರೀಕ್ಷೆಯ ಭಾಗವೆಂದೇ ಬರೆದಿದೆ. ಬಯಲಿನಲ್ಲಿ ಕಲಿತು ಬಯಲಿನಲ್ಲೇ ಪರೀಕ್ಷೆ ಮುಗಿಸಿದ ಯುವಕನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಅವನು ಅದನ್ನು ಕಲಿಯುವುದು ಕೋಲಾರದ ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಗೆ ಹತ್ತುವಾಗ, ಇಲ್ಲವೆ ರಜಾದಿನ ನಂದಿಬೆಟ್ಟದ ತಿರುವಿನಲ್ಲಿ ಹಿಂದೆ ಮುಂದೆ ಕಾರುಗಳ ಸಾಲಿದ್ದಾಗ. ಕ್ಲಚ್ ಸುಟ್ಟ ವಾಸನೆ ಆ ಸಾಲುಗಳ ಗುರುತೇ ಆಗಿಬಿಟ್ಟಿದೆ.

ಇಳಿಜಾರಿನ ಕತೆ ಬೇರೆ. ಮುಳಬಾಗಿಲಿನಿಂದ ಟೊಮೆಟೊ ಹೊತ್ತು ಚಿತ್ತೂರಿನತ್ತ ಸಾಗುವ ಲಾರಿಗಳು ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿಯನ್ನು ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಇನ್ನೂ ಹೋಗಿಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಪಾದ ತೆಗೆದರೆ ಇಂಧನದ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉಸಿರಾಡುವುದಕ್ಕಾದರೂ ಇಂಧನ ಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಎಲ್ಲ ಭಾರವೂ ಕಾದು ಕೆಂಪಾಗುವ ಬ್ರೇಕಿನ ಮೇಲೆ.

ಇವೆಲ್ಲಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ವಾಹನ ಬಲಿಷ್ಠವಾದಷ್ಟೂ ರಸ್ತೆಯನ್ನು ನೆಟ್ಟಗೆ ಮೇಲಕ್ಕೆ ಕಡಿಯುವ ಆತುರ ಹೆಚ್ಚುತ್ತಿದೆ. ಬೆಟ್ಟದ ಸೀಮೆಯ ರಸ್ತೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಒಪ್ಪುವ ಸಾಮಾನ್ಯ ಏರು ನೂರಕ್ಕೆ ಐದಾರು. ತೀರ ಅನಿವಾರ್ಯವಾದ ಕಡೆ ಏಳೆಂಟು. ಕಲ್ಲುಕ್ವಾರಿಗೂ ತೋಟಕ್ಕೂ ಜೆಸಿಬಿ ತಂದು ಒಂದೇ ದಿನದಲ್ಲಿ ಎಳೆದ ದಾರಿಗಳು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಮಾಲೂರು ತಾಲ್ಲೂಕಿನ ಟೇಕಲ್ ಕಡೆಯ ಬಂಡೆಬೆಟ್ಟಗಳಾಗಲಿ ಮುಳಬಾಗಿಲಿನ ಆವನಿ ಬೆಟ್ಟವಾಗಲಿ ತೆಳುಮಣ್ಣಿನವು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಬಹುಪಾಲು ಕೆಲವೇ ಜೋರು ಹೊಡೆತಗಳಲ್ಲಿ ಸುರಿದುಹೋಗುತ್ತದೆ. ನೆಟ್ಟನೆಯ ದಾರಿ ಆಗ ದಾರಿಯಾಗಿರದೆ ಕಾಲುವೆಯಾಗುತ್ತದೆ. ಚಕ್ರ ಸಡಿಲಿಸಿದ ಮಣ್ಣು ಕೊಚ್ಚಿಕೊಂಡು ಬಂದು ಕೆಳಗಿನ ಕೆರೆಯ ತಳ ಸೇರುತ್ತದೆ. ನದಿಯಾಸರೆಯಿಲ್ಲದ, ಕೆರೆಗಳನ್ನೇ ನೆಚ್ಚಿದ ಈ ಸೀಮೆಯಲ್ಲಿ ಹೂಳಿನ ಒಂದೊಂದು ಅಡಿಯೂ ರೈತನ ನೀರಿನ ನಷ್ಟ. ಬೆಟ್ಟದ ಮಗ್ಗುಲನ್ನು ಬಳಸಿ ಏರುತ್ತಿದ್ದ ಹಳೆಯ ಗಾಡಿದಾರಿ ಉದ್ದವಿತ್ತು, ನಿಜ. ಆದರೆ ಎತ್ತಿಗೂ ಮಣ್ಣಿಗೂ ಹಿತವಾಗಿತ್ತು. ಹೊಸ ದಾರಿ ಕಡಿಯುವ ಮುನ್ನ ಏರಿನ ಪ್ರಮಾಣವನ್ನೂ ನೀರು ಹರಿದುಹೋಗುವ ಚರಂಡಿಯನ್ನೂ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿ ಹಳ್ಳಿಗನಿಗೂ ಇದೆ.

ಟ್ರ್ಯಾಕ್ಟರಿಗೂ ಹಳೆಯ ಟೆಂಪೋಗೂ ಹೊಸ ಸೌಲಭ್ಯ ಬರುವುದು ದೂರದ ಮಾತು. ಅಲ್ಲಿಯವರೆಗೆ ಚಕ್ರಕ್ಕೆ ಅಡ್ಡ ಕೊಡಲು ದಾರಿಬದಿಯ ಕಲ್ಲಿನ ಬದಲು, ಇಳಿಜಾರಾಗಿ ಕೆತ್ತಿದ ಮರದ ತುಂಡನ್ನು ವಾಹನದಲ್ಲೇ ಇಟ್ಟುಕೊಳ್ಳಬಹುದು. ಅದಕ್ಕೆ ಎರಡು ಮಾರು ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಹಿಂದಿನ ಕೊಂಡಿಗೆ ಕಟ್ಟಿದರೆ ಟೆಂಪೋ ಏರುವಾಗ ತುಂಡೂ ಹಿಂದೆಯೇ ಬರುತ್ತದೆ. ಹುಡುಗ ಚಕ್ರದ ಹಿಂದೆ ಬಗ್ಗಿ ಅದನ್ನು ಎತ್ತಬೇಕಾಗಿಲ್ಲ. ಏರು ಮುಗಿದ ಸಮತಟ್ಟಿನಲ್ಲಿ ವಾಹನ ನಿಂತಾಗ ಎತ್ತಿಟ್ಟುಕೊಂಡರೆ ಸಾಕು.