ಗೋರಿಯೇ ಮನೆಯಾದಾಗ

ಬೆಳುವಾಯಿಯ ಮಕ್ಕಳಿಗೆ ಮುರಕಲ್ಲು ಹೊಸತಲ್ಲ. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಗಾಳಿ, ಬಿಸಿಲು ಸೋಕಿದರೆ ಗಟ್ಟಿಯಾಗುತ್ತದೆ. ಕೇರಳ, ತುಳುನಾಡಿನ ಕಬ್ಬಿಣಯುಗದ ಜನ ಅದರಲ್ಲಿ ಗವಿ ಕೊರೆದು ನೆತ್ತಿಯಲ್ಲಿ ದುಂಡು ಕಿಂಡಿ ಇಟ್ಟರು. ಬದುಕಿದ್ದವರಿಗಲ್ಲ, ಸತ್ತವರಿಗೆ!

ಇಂಥ ಗೋರಿಯಲ್ಲೇ ಸಂಸಾರ ಹೂಡಿದ ಅಲೆಮಾರಿಗಳೂ ಉಂಟು. ಜೋರ್ಡಾನ್ ದೇಶದ ಪೆಟ್ರಾದಲ್ಲಿ ಸುಮಾರು 2,000 ವರ್ಷಗಳ ಹಿಂದೆ ನಬಾಟಿಯನ್ನರು ಮರಳುಗಲ್ಲಿನ ಬೆಟ್ಟ ಕಡಿದು ಗೋರಿ ಮಾಡಿದರು. ಅವರ ಪೂರ್ವಿಕರೂ ಅಲೆಮಾರಿಗಳೇ. ಎಷ್ಟೋ ಕಾಲದ ನಂತರ ಆಡು ಮೇಯಿಸುವ ಬ್ದೂಲ್ ಬೆಡುವಿನ್ನರು ಅಲ್ಲಿ ನೆಲೆಸಿದರು. ಬೇಸಗೆಗೆ ಆಡುಗೂದಲಿನ ಗುಡಾರ, ಚಳಿಗಾಲಕ್ಕೆ ಗವಿ. ದಪ್ಪ ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಮರುಭೂಮಿಯ ರಾತ್ರಿ ಹೊರಗೆ ಕೊರೆಯುತ್ತಿದ್ದರೂ ಒಲೆಯ ಬಿಸಿ ಒಳಗೆ ಉಳಿಯುತ್ತದೆ. ಬಾಡಿಗೆಯೂ ಇಲ್ಲ ಅನ್ನಿ!

1985ರಲ್ಲಿ ಪೆಟ್ರಾ ವಿಶ್ವ ಪರಂಪರೆಯ ತಾಣವಾಯಿತು. ಅದೇ ಹೊತ್ತಿಗೆ ಸರಕಾರ ಅವರನ್ನು ಉಮ್ ಸೈಹೂನ್ ಎಂಬ ಹೊಸ ಹಳ್ಳಿಯ ಸಿಮೆಂಟು ಮನೆಗಳಿಗೆ ಸ್ಥಳಾಂತರಿಸಿತು. ಗೋರಿ ಉಳಿಸಲು ಒಲೆ ಆರಿಸಬೇಕೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಗೋರಿ ಹಾಳಾಗಲು ಅಲೆಮಾರಿಗಳೇ ಬೇಕೆಂದೇನಿಲ್ಲ. ಮೂಡುಬಿದಿರೆ ಬಳಿಯ ಮೂಡುಕೊಣಾಜೆಯಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ 9 ಕಲ್ಗೋರಿಗಳಿದ್ದವು. 2023ರಲ್ಲಿ ಅಲ್ಲಿನ ಸುಟ್ಟಮಣ್ಣಿನ ಗೊಂಬೆಗಳು ಸುದ್ದಿಯಾದಾಗ ಕೆಡದೆ ನಿಂತಿದ್ದುದು ಎರಡೇ.