ಸ್ಟಾಂಪು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ



ಹಾಸ್ಟೆಲಿನ ರೂಮಿನಲ್ಲಿ ಕೂತು ಸಂವಿಧಾನದ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಅಕ್ಕನ ಸಂಸಾರ ಮುರಿದು, ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಕೂತಾಗ ಆ ಸಂವಿಧಾನ ಯಾವ ಆಫೀಸಿನಲ್ಲಿ ಸಿಗುತ್ತದೆ ಅಂತ ಕೇಳಿದರೆ ಹೇಳುವವರು ಎಷ್ಟು ಜನ? "ಅದೆಲ್ಲ ಹಿರಿಯರು ನೋಡಿಕೊಳ್ತಾರೆ, ನೀನು ಪರೀಕ್ಷೆಗೆ ಓದು" ಅಂತ ಮನೆಯಲ್ಲಿ ಹೇಳುತ್ತಾರೆ. ಹುಡುಗರೂ ಪುಸ್ತಕ ಹಿಡಿದು ಮತ್ತೆ ಬಸ್ಸು ಹತ್ತುತ್ತಾರೆ.

ಹಿರಿಯರು ನೋಡಿಕೊಳ್ಳುವ ಕ್ರಮ ಹೇಗಿದೆ ನೋಡೋಣ. ಎಲ್ಲೂರು, ಕಾಪು, ಕಾರ್ಕಳ, ಈ ಸುತ್ತಿನ ನಮ್ಮ ಕಾಲನಿಗಳಲ್ಲಿ ಗಂಡ ಹೆಂಡತಿ ಬೇರೆಯಾಗುವುದಾದರೆ ಮೊದಲು ಗುರಿಕಾರರ ಮುಂದೆ ಮಾತಾಗುತ್ತದೆ. ಎರಡೂ ಕಡೆಯಿಂದ ನಾಲ್ಕಾರು ಗಂಡಸರು ಕೂರುತ್ತಾರೆ. ಹೆಂಗಸು ಬಾಗಿಲ ಹಿಂದೆ. ದೈವದ ಹೆಸರು ಬರುತ್ತದೆ, ಮರ್ಯಾದೆಯ ಹೆಸರು ಬರುತ್ತದೆ. ಕೊನೆಗೆ ಸ್ಟಾಂಪು ಕಾಗದ ಬರುತ್ತದೆ. ಇನ್ನು ನಮ್ಮೊಳಗೆ ಸಂಬಂಧ ಇಲ್ಲ, ಜೀವನಾಂಶ ಕೇಳುವುದಿಲ್ಲ, ಗಂಡು ಮಗು ಅವನಿಗೆ, ಹೆಣ್ಣು ಮಗು ಇವಳಿಗೆ. ಕೆಳಗೆ ಒಂದು ಸಹಿ, ಒಂದು ಹೆಬ್ಬೆಟ್ಟು, ಮೇಲೊಂದು ನೋಟರಿ ಸೀಲು. ಡೈವೋರ್ಸ್ ಆಯ್ತು ಅಂತ ಎಲ್ಲರೂ ಚಾ ಕುಡಿದು ಎದ್ದು ಹೋಗುತ್ತಾರೆ.

ಡೈವೋರ್ಸ್ ಆಗಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ನೋಟರಿ ಸೀಲು ಮದುವೆಯನ್ನು ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ಜಾತಿ ಪದ್ಧತಿಯ ಪ್ರಕಾರ ನಡೆದುಬಂದ ವಿಚ್ಛೇದನಕ್ಕೆ ಜಾಗ ಉಳಿಸಿದ್ದಾರೆ, ನಿಜ. ಆದರೆ ಅಂಥ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ, ಅದೇ ಪ್ರಕಾರ ಬಿಡುಗಡೆ ಆಗಿದೆ ಅಂತ ಹೇಳುವವನು ಅದನ್ನು ಕೋರ್ಟಿನಲ್ಲಿ ಸಾಕ್ಷಿ ಸಮೇತ ರುಜುವಾತು ಮಾಡಬೇಕು. ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ರುಜುವಾತು ಆಗದಿದ್ದರೆ ಆ ಕಾಗದ ಬರೀ ಕಾಗದ. ಅದನ್ನು ನಂಬಿ ಅವನು ಇನ್ನೊಂದು ಮದುವೆಯಾದರೆ ಆ ಮದುವೆ ನಿಲ್ಲುವುದಿಲ್ಲ, ಅವನ ಮೇಲೆ ದ್ವಿಪತ್ನಿತ್ವದ ಕೇಸು ಹಾಕಬಹುದು. ಇವಳು ಇನ್ನೊಬ್ಬನನ್ನು ಕಟ್ಟಿಕೊಂಡರೂ ಅದೇ ಗತಿ. ಎರಡನೆಯ ಸಲ ಬಂದ ಬಡ ಹೆಣ್ಣುಮಗಳಿಗೆ ಗಂಡ ಸತ್ತ ಮೇಲೆ ಪೆನ್ಶನ್ ಆಫೀಸಿನ ಕಿಟಕಿಯಲ್ಲಿ ವಿಷಯ ತಿಳಿಯುತ್ತದೆ.

ಇನ್ನು ಜೀವನಾಂಶ ಬೇಡ ಅಂತ ಬರೆಸಿಕೊಂಡ ಸಾಲು. ಆ ಸಾಲಿನಿಂದ ಕೋರ್ಟಿನ ಕೈ ಕಟ್ಟಿಹೋಗುವುದಿಲ್ಲ ಅಂತ ಹೈಕೋರ್ಟುಗಳು ಹಲವು ಸಲ ಹೇಳಿವೆ. ಮಕ್ಕಳ ಅನ್ನವನ್ನಂತೂ ಯಾರೂ ಯಾರ ಪರವಾಗಿಯೂ ಬಿಟ್ಟುಕೊಡಲು ಬರುವುದಿಲ್ಲ. ಇಷ್ಟು ಗೊತ್ತಿಲ್ಲದೆ ನಮ್ಮ ಎಷ್ಟೋ ಅಕ್ಕಂದಿರು ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದಾರೆ. ಹೆಬ್ಬೆಟ್ಟು ಒತ್ತಿಯಾಗಿದೆ, ಇನ್ನೇನು ಮಾಡೋದು ಅಂತ.

ಗುರಿಕಾರರನ್ನು ಹೀಗಳೆಯುವುದು ನನ್ನ ಉದ್ದೇಶ ಅಲ್ಲ. ಧಣಿಗಳ ಚಾವಡಿಗೆ ಹೋಗಿ ಕೈಕಟ್ಟಿ ನಿಲ್ಲುವುದಕ್ಕಿಂತ ನಮ್ಮವರೇ ಕೂತು ಮಾತಾಡುವುದು ಸಾವಿರ ಪಾಲು ಮೇಲು. ಮೇಲ್ಜಾತಿಯ ಹೆಂಗಸಿಗೆ ಶಾಸ್ತ್ರ ಬಿಡುಗಡೆ ಕೊಡದಿದ್ದ ಕಾಲದಲ್ಲಿ ನಮ್ಮ ಹೆಂಗಸರಿಗೆ ಬಿಟ್ಟುಬರುವ, ಮತ್ತೆ ಕೂಡಿಕೆಯಾಗುವ ದಾರಿ ಇತ್ತು. ಹಿಂದೂ ಕೋಡ್ ಬಿಲ್ಲಿನ ಚರ್ಚೆಯಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ಹೇಳಿದರು: ವಿಚ್ಛೇದನ ಹೊಸದೇನಲ್ಲ, ಶೂದ್ರರೆಂದು ಕರೆಸಿಕೊಂಡ ಬಹುಪಾಲು ಜನರಲ್ಲಿ ಅದು ರೂಢಿಯಲ್ಲಿದೆ ಅಂತ. ನಮ್ಮ ಈ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಮದ್ರಾಸು ಸರ್ಕಾರ 1949ರಲ್ಲೇ ದ್ವಿಪತ್ನಿತ್ವ ತಡೆದು ವಿಚ್ಛೇದನಕ್ಕೆ ಅವಕಾಶ ಕೊಡುವ ಕಾಯ್ದೆ ಮಾಡಿತ್ತು. ದೇಶಕ್ಕೆಲ್ಲ ಅದನ್ನು ತರಲು ಹೊರಟ ಅಂಬೇಡ್ಕರರು ಬಿಲ್ಲು ಮೂಲೆಗೆ ಬಿದ್ದಾಗ 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಕೋಡ್ ಬಿಲ್ಲು ತುಂಡುತುಂಡಾಗಿ 1955 ಮತ್ತು 56ರಲ್ಲಿ ಕಾಯ್ದೆಗಳಾಯಿತು. ಅವರ ಫೋಟೋ ನಮ್ಮ ಪ್ರತಿ ಕಾಲನಿಯಲ್ಲಿದೆ. ಅವರು ಯಾವುದಕ್ಕೆ ರಾಜೀನಾಮೆ ಕೊಟ್ಟರೋ ಆ ಕಾಯ್ದೆಯ ಪುಸ್ತಕ ಮಾತ್ರ ಇಲ್ಲ.

ಹಾಗಾಗಿ ರಾಜಿ ಮಾಡಲಿ, ಬೇಡ ಅನ್ನುವವರಾರು? ರಾಜಿಯಾದದ್ದನ್ನು ಕೋರ್ಟಿಗೆ ತೆಗೆದುಕೊಂಡು ಹೋಗಲಿ ಅನ್ನುವುದಷ್ಟೇ ಮಾತು. ಇಬ್ಬರಿಗೂ ಒಪ್ಪಿಗೆ ಇದ್ದು, ಒಂದು ವರ್ಷ ಬೇರೆ ಇದ್ದರೆ ಜಂಟಿ ಅರ್ಜಿ ಹಾಕಬಹುದು. 1976ರಿಂದ ಈ ದಾರಿ ಇದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವನ್ನೂ ತಕ್ಕ ಕಾರಣ ಇದ್ದರೆ ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ತೀರ್ಪಾಗಿದೆ.

"ವಕೀಲರಿಗೆ ಕೊಡಲು ದುಡ್ಡೆಲ್ಲಿಂದ?" ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಇದು. ಇದರ ಉತ್ತರ ಕಾನೂನಿನಲ್ಲೇ ಇದೆ, ನಮ್ಮ ಹೆಸರು ಹಿಡಿದೇ ಬರೆದಿದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಅದರ 12ನೇ ಸೆಕ್ಷನ್ ಓದಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಯಾರೇ ಆಗಲಿ, ಹೆಂಗಸು ಯಾವ ಜಾತಿಯವಳೇ ಆಗಲಿ, ಮಕ್ಕಳು ಯಾರದೇ ಆಗಲಿ, ಇವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು. ಆದಾಯದ ಮಿತಿ ಇಲ್ಲ. ಬಿ.ಪಿ.ಎಲ್. ಕಾರ್ಡು ತೋರಿಸಬೇಕಾಗಿಲ್ಲ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟು ಫೀಸು, ಟೈಪಿಂಗು, ನಕಲು ಪ್ರತಿಯ ಖರ್ಚು ಕೂಡ ಅದರಲ್ಲೇ ಬರುತ್ತದೆ.

ಉಡುಪಿಯ ಕೋರ್ಟು ಕಟ್ಟಡದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇದೆ. ಅರ್ಜಿ ಕನ್ನಡದಲ್ಲಿ ಕೊಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳಬೇಕು. 15100 ಅಂತ ಫೋನ್ ನಂಬರೂ ಇದೆ. ಎಲ್ಲೂರಿನಿಂದ ಹೆದ್ದಾರಿಗೆ ಬಂದು ಬಸ್ಸು ಹಿಡಿದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸು ಬರುವ ಕೆಲಸ. ಹೆಂಗಸರಿಗೆ ಬಸ್ಸು ಫ್ರೀ ಅಂತ 2023ರ ಜೂನಿನಿಂದ ರಾಜ್ಯವೆಲ್ಲ ಹೇಳುತ್ತಿದೆ. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅಲ್ಲಿ ಟಿಕೇಟು ಕೊಳ್ಳಲೇಬೇಕು. ಬಸ್ಸಿಗೊಂದಿಷ್ಟು ಚಿಲ್ಲರೆ, ಜೊತೆಗೊಬ್ಬ ಓದು ಬಲ್ಲವನು. ಬೇಕಾದದ್ದು ಇಷ್ಟೇ. ಆ ಎರಡನೆಯದು ನೀವು.

ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಅನ್ನುವ ಮಾತು ಊರೆಲ್ಲ ಇದೆ. ಪೂರ್ತಿ ಸುಳ್ಳಲ್ಲ. ಸರ್ಕಾರ ಅವರಿಗೆ ಕೊಡುವ ಫೀಸು ಕಡಿಮೆ, ಕೆಲವರು ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡು ಸಾಗಹಾಕುತ್ತಾರೆ. ಇನ್ನು ಕೆಲವರು ಕಾರಿಡಾರಿನಲ್ಲಿ ನಿಂತು "ಖರ್ಚಿಗೆ ಏನಾದರೂ ಕೊಡಮ್ಮ" ಅನ್ನುತ್ತಾರೆ. ಕೊಡಬೇಡಿ. ಪ್ಯಾನೆಲ್ ವಕೀಲರು ಕಕ್ಷಿದಾರರ ಹತ್ತಿರ ಒಂದು ಪೈಸೆ ಕೇಳುವ ಹಾಗಿಲ್ಲ ಅಂತ 2010ರ ನಿಯಮ ಇದೆ. ಕೇಳಿದರೆ, ಅಥವಾ ಕೇಸು ನಡೆಸದೆ ಸತಾಯಿಸಿದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಬರೆದುಕೊಟ್ಟು ಬೇರೆ ವಕೀಲರನ್ನು ಕೇಳಿ. ಆ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರು. ಹಂಗಿನ ಅನ್ನ ಅಂತ ತಲೆ ತಗ್ಗಿಸಬೇಕಾಗಿಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39-ಎ ವಿಧಿ ಹೇಳುವ ಕೆಲಸ ಅದು. ಇನ್ನೊಂದು ಮಾತು: ನಮ್ಮ ಜಾತಿಯ ಗಂಡನಿಗೂ ಇದೇ ಹಕ್ಕಿದೆ. ಇಬ್ಬರಿಗೂ ಬೇರೆ ಬೇರೆ ವಕೀಲರು ಸಿಗುತ್ತಾರೆ. ಗಂಡನ ವಕೀಲರೇ "ಇಬ್ಬರದ್ದೂ ನಾನೇ ನೋಡಿಕೊಳ್ತೇನೆ" ಅಂದರೆ ಅಕ್ಕನ ಕೈಹಿಡಿದು ಅಲ್ಲಿಂದ ಎದ್ದು ಬನ್ನಿ.

ಈಗ ಮಕ್ಕಳ ವಿಷಯ. ಅಲ್ಲಿಯೇ ನಮ್ಮ ಹೆಂಗಸರು ಸೋಲುವುದು. "ನಿನ್ನ ಹತ್ತಿರ ಏನಿದೆ? ಬೀಡಿ ಮೊರ. ಮಗುವನ್ನು ಏನು ಹಾಕಿ ಸಾಕ್ತಿ?" ಅಂತ ಕೇಳುತ್ತಾರೆ. ಗಂಡಸು ಮಲ್ಪೆಯ ಬೋಟಿಗೋ ಮುಂಬಯಿ ಹೋಟೇಲಿಗೋ ಹೋಗಿ ನಾಲ್ಕು ಕಾಸು ನೋಡಿರುತ್ತಾನೆ, ಹಾಗಾಗಿ ಮಗು ಅವನದು. ಕಾನೂನು ಹೀಗೆ ಹೇಳುವುದಿಲ್ಲ. 1890ರ ಪೋಷಕರ ಕಾಯ್ದೆಯಿಂದ ಹಿಡಿದು ಇವತ್ತಿನ ತನಕ ಕೋರ್ಟು ನೋಡಬೇಕಾದದ್ದು ಒಂದೇ, ಮಗುವಿಗೆ ಒಳ್ಳೆಯದು ಎಲ್ಲಿ ಆಗುತ್ತದೆ ಅಂತ. ಯಾರ ಜೇಬು ದಪ್ಪ ಅಂತಲ್ಲ. ದುಡ್ಡು ಇರುವ ಅಪ್ಪ ದುಡ್ಡು ಕೊಡಲಿ, ಮಗು ಅಮ್ಮನ ಹತ್ತಿರ ಇರಲಿ ಅಂತ ಆದೇಶ ಮಾಡಲು ಯಾವ ಅಡ್ಡಿಯೂ ಇಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ 1956ರ ಕಾಯ್ದೆಯಲ್ಲೇ ಬರೆದಿದೆ. ತಿಳುವಳಿಕೆ ಬಂದ ಮಗುವಾದರೆ ಜಡ್ಜರು ಮಗುವನ್ನೇ ಕರೆದು ಕೇಳಬಹುದು. ಅರ್ಜಿಯನ್ನು ಮಗು ವಾಸವಾಗಿರುವ ಊರಿನ ಕೋರ್ಟಿನಲ್ಲಿ ಹಾಕಬೇಕು. ಗಂಡು ಮಗು ಗಂಡನಿಗೆ, ಹೆಣ್ಣು ಹೆಂಡತಿಗೆ ಅನ್ನುವ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಅಣ್ಣ ತಂಗಿಯನ್ನು ಪಾತ್ರೆಪಗಡೆಯ ಹಾಗೆ ಪಾಲು ಮಾಡುವ ಆ ಕಾಗದ ಬರೆದವರು ಮಕ್ಕಳನ್ನು ಒಂದು ಮಾತೂ ಕೇಳಿರುವುದಿಲ್ಲ.

ಶಾಲೆಯಿಂದಲೇ ಮಗುವನ್ನು ಎತ್ತಿಕೊಂಡು ಹೋಗುವುದೂ ಉಂಟು. ಸ್ಟೇಷನ್ನಿಗೆ ಹೋದರೆ "ಅಪ್ಪನೇ ತಾನೇ, ಇದು ಸಿವಿಲ್ ಮ್ಯಾಟರ್" ಅನ್ನುತ್ತಾರೆ. ಅಲ್ಲಿಗೆ ದಾರಿ ಮುಗಿಯಲಿಲ್ಲ. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿ ಅಂತ ಕೇಳಬಹುದು. ಇರುವ ಮನೆಯಿಂದ ಹೊರಗೆ ಹಾಕಬಾರದು ಅಂತಲೂ, ಖರ್ಚಿಗೆ ದುಡ್ಡು ಕೊಡಿಸಿ ಅಂತಲೂ ಅದರಲ್ಲೇ ಕೇಳಬಹುದು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ರಕ್ಷಣಾಧಿಕಾರಿ ಅಂದರೆ ಅಂಗನವಾಡಿಗಳ ಮೇಲಿನ ಸಿ.ಡಿ.ಪಿ.ಓ. ಅವರು. ಕಾನೂನು ನೆರವು ಸಿಗುವ ಹಾಗೆ ನೋಡಿಕೊಳ್ಳುವುದೂ ಅವರ ಕೆಲಸ ಅಂತ ಕಾಯ್ದೆ ಹೇಳುತ್ತದೆ. ಅರ್ಜಿಯನ್ನು 60 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಬರೆದಿದೆ. ಕೋರ್ಟು ಕಂಡವರಿಗೆ ಆ 60 ಎಷ್ಟು ಉದ್ದ ಅಂತ ಗೊತ್ತು. ಆದರೂ ಮಧ್ಯಂತರ ಆದೇಶ ಕೇಳುವುದನ್ನು ಬಿಡಬಾರದು. ತೀರಾ ಕೈಮೀರಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅದಕ್ಕೂ ನೆರವಿನ ವಕೀಲರಿದ್ದಾರೆ.

ಕೊರಗ ಬಂಧುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಅವರು ಪರಿಶಿಷ್ಟ ಪಂಗಡ. ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸದ ಹೊರತು ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ ಅಂತ ಅದೇ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿದೆ. ಹಾಗಾಗಿ ಅವರ ಮದುವೆ, ಬಿಡುಗಡೆ ಎರಡಕ್ಕೂ ಅವರ ಪದ್ಧತಿಯೇ ಆಧಾರ. ವಕೀಲರು ಇದನ್ನು ನೋಡದೆ ಸುಮ್ಮನೆ 13ನೇ ಸೆಕ್ಷನ್ನಿನ ಕೆಳಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಓಡಾಡಿದ ಮೇಲೆ ಅರ್ಜಿ ಬಿದ್ದುಹೋಗಬಹುದು. ಜೀವನಾಂಶದ ಕಾನೂನು, ದೌರ್ಜನ್ಯದ ಕಾಯ್ದೆ ಮಾತ್ರ ಜಾತಿ, ಧರ್ಮ, ಪಂಗಡ ನೋಡುವುದಿಲ್ಲ. ಕೊರಗ ಹೆಂಗಸು ಮೊದಲು ಈ ಎರಡನ್ನು ಹಿಡಿಯುವುದು ಒಳ್ಳೆಯದು. ಕ್ರೈಸ್ತರಾದ ನಮ್ಮವರಿಗೆ 1869ರ ವಿಚ್ಛೇದನ ಕಾಯ್ದೆ. 2001ರ ತಿದ್ದುಪಡಿಯ ಮೇಲೆ ಅದರಲ್ಲೂ ಹೆಂಗಸಿಗೆ ದಾರಿ ಸಲೀಸಾಗಿದೆ.

ಹಾಸ್ಟೆಲಿನವರಿಗೆ ನೇರವಾಗಿ ತಟ್ಟುವ ಸಂಗತಿ ಇನ್ನೊಂದಿದೆ. ಅಮ್ಮ ನಮ್ಮವಳು, ಅಪ್ಪ ಮೇಲ್ಜಾತಿಯವನು. ಪ್ರೀತಿಸಿ ಮದುವೆಯಾದರು, ಅವನ ಮನೆಯವರು ಸೇರಿಸಲಿಲ್ಲ, ಅವನು ಬಿಟ್ಟು ಹೋದ. ಮಗು ಕಾಲನಿಯಲ್ಲೇ ಬೆಳೆಯಿತು. ಹೈಸ್ಕೂಲು ಮುಗಿಸಿ ಹಾಸ್ಟೆಲಿಗೂ ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕುವಾಗ ತಾಲೂಕು ಆಫೀಸಿನಲ್ಲಿ "ಅಪ್ಪನ ಜಾತಿ ಯಾವುದು?" ಅಂತ ಕೇಳಿ ಸರ್ಟಿಫಿಕೇಟು ಇಲ್ಲ ಅಂದರು. ಇಂಥ ಮಕ್ಕಳ ಬಗ್ಗೆ 2012ರ ಜನವರಿಯಲ್ಲಿ, ಗುಜರಾತಿನಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿದೆ. ಮಗುವಿಗೆ ಅಪ್ಪನ ಜಾತಿ ಅಂತ ಊಹಿಸಬಹುದು, ಆದರೆ ಅದೇ ಕೊನೆಯ ಮಾತಲ್ಲ. ತಾಯಿಯ ಜಾತಿಯೊಳಗೆ, ಆ ಜಾತಿಯ ಅವಮಾನ, ಅನನುಕೂಲಗಳನ್ನೇ ಉಂಡು ಬೆಳೆದಿದ್ದೇನೆ ಅಂತ ಮಗು ತೋರಿಸಿದರೆ ತಾಯಿಯ ಜಾತಿಯ ಸರ್ಟಿಫಿಕೇಟು ಪಡೆಯಬಹುದು. ಆ ತೋರಿಸುವುದಕ್ಕೆ ದಾಖಲೆ ಬೇಕು. ಮಗು ಯಾರ ವಶದಲ್ಲಿತ್ತು ಅಂತ ಹೇಳುವ ಕೋರ್ಟಿನ ಆದೇಶದಂಥ ಗಟ್ಟಿ ದಾಖಲೆ ಇನ್ಯಾವುದು? ಬರೀ ಬಾಯಿಮಾತಿನಲ್ಲಿ ಬೇರೆಯಾದ ತಂದೆತಾಯಿಯ ಮಗು ಹದಿನೈದು ವರ್ಷದ ಮೇಲೆ ಗುಮಾಸ್ತನ ಮುಂದೆ ಬರಿಗೈಲಿ ನಿಲ್ಲುತ್ತದೆ.

ಕೊನೆಯದಾಗಿ ಮುಂಬಯಿಯ ಮಾತು, ಯಾಕೆಂದರೆ ನಮ್ಮ ಕಡೆಯ ಅರ್ಧ ಸಂಸಾರಗಳ ಗಂಡಂದಿರು ಅಲ್ಲೇ ಇದ್ದಾರೆ. ಹೆಂಡತಿ ತಾನಿರುವ ಊರಿನಲ್ಲೇ, ಅಂದರೆ ಉಡುಪಿಯಲ್ಲೇ, ವಿಚ್ಛೇದನದ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯಿಂದ ಈ ಅನುಕೂಲ ಆಗಿದೆ. ಜೀವನಾಂಶಕ್ಕೂ ಹಾಗೆಯೇ. ಹಿಂದೆ ಅದಕ್ಕೆ 125ನೇ ಸೆಕ್ಷನ್ ಅನ್ನುತ್ತಿದ್ದರು, 2024ರ ಜುಲೈ 1ರಿಂದ ಹೊಸ ಸಂಹಿತೆಯ 144. ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯದ ಅಫಿಡವಿಟ್ಟು ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಅಂತ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಅರ್ಜಿ ತಡವಾದಷ್ಟು ದಿನದ ದುಡ್ಡು ಅವಳಿಗೆ ನಷ್ಟ. ಅವನೇ ಮೊದಲು ಮುಂಬಯಿಯಲ್ಲಿ ಕೇಸು ಹಾಕಿ ನೋಟೀಸು ಕಳಿಸಿದರೆ ಅದನ್ನು ಹರಿದು ಒಲೆಗೆ ಹಾಕಬೇಡಿ. ಹೋಗದೆ ಕೂತರೆ ಅಲ್ಲಿ ಏಕಪಕ್ಷೀಯ ತೀರ್ಪಾಗುತ್ತದೆ. ಕೇಸನ್ನು ಉಡುಪಿಗೆ ವರ್ಗ ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಬಹುದು. ದೆಹಲಿಯಲ್ಲೂ ಕಾನೂನು ಸೇವಾ ಸಮಿತಿಯ ವಕೀಲರಿದ್ದಾರೆ, ಕಾಗದಪತ್ರವನ್ನು ಉಡುಪಿಯ ಪ್ರಾಧಿಕಾರದ ಮೂಲಕವೇ ಕಳಿಸಲು ಕೇಳಿ. ನೋಟೀಸು ಕೈಗೆ ಬಂದ ತಾರೀಖನ್ನು ಅದರ ಮೂಲೆಯಲ್ಲೇ ಬರೆದಿಟ್ಟುಕೊಳ್ಳಿ, ಲಕೋಟೆಯನ್ನೂ ಎಸೆಯಬೇಡಿ.