ಎರಡು ರಾಜ್ಯದ ಋಣವಿರುವ ಸಚಿವೆ

ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹುಟ್ಟಿದ್ದು 1959ರಲ್ಲಿ, ಮಧುರೆಯಲ್ಲಿ. ಆದರೂ ಗಡಿಭಾಗದ ನಮಗೆ ಅವರ ಮೇಲೆ ಎರಡು ಕಡೆಯಿಂದ ಹಕ್ಕಿದೆ. 2014ರಲ್ಲಿ ಅವರನ್ನು ರಾಜ್ಯಸಭೆಗೆ ಕಳಿಸಿದ್ದು ಆಂಧ್ರ. 2016 ಮತ್ತು 2022ರಲ್ಲಿ ಕರ್ನಾಟಕ. 2019ರ ಮೇ ಕೊನೆಗೆ ಹಣಕಾಸು ಖಾತೆ ವಹಿಸಿಕೊಂಡವರು 2025ರ ಹೊತ್ತಿಗೆ ಸತತ 8 ಬಜೆಟ್ ಮಂಡಿಸಿದ್ದರು. ಮೊದಲ ಸಲ ಸೂಟ್‌ಕೇಸ್ ಬಿಟ್ಟು ಕೆಂಪು ಬಟ್ಟೆಯಲ್ಲಿ ಲೆಕ್ಕದ ಪುಸ್ತಕ ಸುತ್ತಿ ತಂದರಲ್ಲ, ಅಂಗಡಿ ಪೂಜೆಯ ಖಾತೆ ಪುಸ್ತಕದ ಹಾಗೇ ಇತ್ತು ಬಿಡಿ. ಅದೇ ವರ್ಷ ಅವರ ಅಧ್ಯಕ್ಷತೆಯ ಜಿಎಸ್‌ಟಿ ಮಂಡಳಿ ಒಣ ಹುಣಸೆಹಣ್ಣಿನ ಮೇಲಿನ ಶೇ. 5 ತೆರಿಗೆ ತೆಗೆಯಿತು. ಮಡಕಶಿರ ಕಡೆಯವರಿಗೆ ಇದೇನು ಸಣ್ಣ ಮಾತಲ್ಲ.

ನನ್ನ ತಕರಾರು ನೀರಿನದು. 2023ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಎಂದರು. ಮೊಳಕಾಲ್ಮೂರು, ಪಾವಗಡದ ಕಡೆ ಕೆರೆ ತುಂಬಿಸಬೇಕಾದ ಯೋಜನೆ ಅದು. ಆ ದುಡ್ಡು ಬಂದಿಲ್ಲವೆಂದು 2025ರಲ್ಲೂ ಕರ್ನಾಟಕ ಸರ್ಕಾರ ದೂರುತ್ತಲೇ ಇತ್ತು. ಇನ್ನು ಬೇಲಿ ಈಚೆಗಿನ ರಾಯದುರ್ಗ, ಮಡಕಶಿರಗಳ ಹೆಸರಂತೂ ಅದರಲ್ಲಿ ಇರಲೇ ಇಲ್ಲ. ಮಳೆ ಕೈಕೊಟ್ಟರೆ ಕಡಲೇಕಾಯಿ ಎರಡೂ ಕಡೆ ಒಟ್ಟಿಗೇ ಬಾಡುತ್ತದೆ. ಕನ್ನಡದಲ್ಲಿ ಬಡ್ಡಿ ಅನ್ನಿ, ತೆಲುಗಿನಲ್ಲಿ ವಡ್ಡಿ ಅನ್ನಿ, ಕಟ್ಟುವವರು ನಾವೇ ತಾನೆ?

ಹಗರಿ ಹೊಳೆ ವಾಣಿವಿಲಾಸ ಸಾಗರ ದಾಟಿದ ಮೇಲೆ ಬಂದು ಸೇರುವುದು ರಾಯದುರ್ಗ ಸೀಮೆಯ ಭೈರವಾನಿ ತಿಪ್ಪ ಜಲಾಶಯಕ್ಕೆ. ಮೇಲೆ ಭದ್ರೆಯ ನೀರು ಬಂದರೆ ಕೆಳಗಿನ ರೈತ ಆಸೆಪಡುವುದು ತಪ್ಪೇ? ಸಚಿವೆಯವರು 5,300 ಕೋಟಿ ಯಾವ ತಾರೀಕಿಗೆ ಎಂದು ಹೇಳಲಿ. ಎರಡೂ ರಾಜ್ಯದ ಇಂಜಿನಿಯರುಗಳನ್ನು ಒಟ್ಟಿಗೆ ಕೂರಿಸಿ ಭೈರವಾನಿ ತಿಪ್ಪದ ಪಾಲನ್ನೂ ಬರೆಸಲಿ.